ಕೋಸುಕಲ್ಲು

ತುಮಕೂರಿನಿಂದ ಬೆಳಗಿನ ಆರೂಮುಕ್ಕಾಲರ ಬಸ್ಸು.
ತಲೆಗೆ ಇನ್ನೂರು ರೂಪಾಯಿ, ಚಿತ್ರಾನ್ನ ಸೇರಿ.
ಪಳೆಯುಳಿಕೆ ಹುಡುಕಲು ಹೊರಟ ಹನ್ನೊಂದು ಜನ ನಾವು,
ಹನ್ನೆರಡನೆಯವನು ನನ್ನ ತಂಗಿಯ ಮಗ ಸುಮುಖ:
ಅರ್ಧ ಟಿಕೆಟ್ಟು, ಜೇಬಲ್ಲಿ ಪ್ಲಾಸ್ಟಿಕ್ಕಿನ ಡೈನೋಸಾರು,
ಹೋಲಿಸಿ ನೋಡುವುದಕ್ಕೆ.

ದೊಡ್ಡಗುಣಿಯ ಹತ್ತಿರ ಇಳಿದದ್ದೇ ತಡ,
ಕತ್ತಿಗೆ ದಾರದಲ್ಲಿ ಭೂತಗನ್ನಡಿ ಇಳಿಬಿಟ್ಟ ಬೋರಲಿಂಗಯ್ಯ ಮೇಷ್ಟ್ರು
ಮೊದಲೇ ಹೇಳಿಬಿಟ್ಟರು:
"ಮೂಳೆ ಇಲ್ಲ. ಹಲ್ಲಿಲ್ಲ. ಶಂಖ, ಕಪ್ಪೆಚಿಪ್ಪು, ಎಲೆ, ಯಾವುದೂ ಇಲ್ಲ.
ಅವೆಲ್ಲ ಹುಟ್ಟುವುದಕ್ಕೆ ಮುಂಚಿನ ಜಾಗ ಇದು."
ಸುಮುಖ ನನ್ನ ಮುಖ ನೋಡಿದ,
ದುಡ್ಡು ವಾಪಸ್ಸು ಕೊಡ್ತಾರಾ ಎಂಬಂತೆ.

ಕೈಬಿಟ್ಟ ಸುಣ್ಣಕಲ್ಲಿನ ಕ್ವಾರಿ.
ಜಾಲಿ, ಲಂಟಾನ, ತುಕ್ಕು ತಿಂದ ಒಂದು ತಳ್ಳುಗಾಡಿ.
ಬಗ್ಗಿ ನಡೆಯಿರಿ ಅಂದರು, ಬಗ್ಗಿದೆವು,
ಕಳೆದುಹೋದ ಓಲೆಯ ತಿರುಪು ಹುಡುಕುವವರ ಹಾಗೆ
ಒಂದು ಗಂಟೆ.
ಬೂದಿಬಣ್ಣದ ಪಕ್ಕ ಬೂದಿಬಣ್ಣ.
ನಿವೃತ್ತ ಕ್ಯಾಷಿಯರ್ ಒಬ್ಬರು ಐದು ಸಲ "ಸಿಕ್ತು" ಅಂದರು,
ಐದು ಸಲವೂ ಮೇಷ್ಟ್ರು, ಬೇಸರವಿಲ್ಲದೆ,
"ಕಲ್ಲು" ಅಂದರು.

ಆಮೇಲೆ ನೀರು.
"ಬಾಟ್ಲಿ ಕೊಡಮ್ಮ" ಅಂತ ನನ್ನ ಕೈಯಿಂದ ಇಸಿದುಕೊಂಡು
(ಮನೆಮನೆಯ ನೀರಿನ ಮೀಟರು ಓದುವವಳು ನಾನು,
ನೀರು ಎಲ್ಲಿ ಹೋಯಿತೆಂದು ಕೇಳುವುದೇ ಕಸುಬು)
ಬಂಡೆಯೊಂದರ ಮುಖಕ್ಕೆ ಎರಚಿದರು.

ಬಂತು.
ಬಾಗಿದ ಗೆರೆಯ ಮೇಲೆ ಬಾಗಿದ ಗೆರೆ,
ಚಿರೋಟಿಯ ಪದರ, ಅಡ್ಡ ಕೊಯ್ದ ಎಲೆಕೋಸು,
ಹೆಬ್ಬೆಟ್ಟಿನ ಗುರುತಿನಷ್ಟು ಒತ್ತೊತ್ತು.
ಬಿಸಿಲು ನೀರು ಕುಡಿಯಿತು. ಗೆರೆ ಮಾಯ.
ಎರಚಿದರೆ ಮತ್ತೆ.

"ಪಾಚಿ," ಅಂದರು ಮೇಷ್ಟ್ರು. "ಬರೀ ಲೋಳೆ.
ಇಲ್ಲೊಂದು ಆಳವಿಲ್ಲದ ಕಡಲಿತ್ತು.
ಮೈಮೇಲೆ ಕೆಸರು ಕೂತರೆ, ಬಿಸಿಲಿಗಾಗಿ ಅದರ ಮೇಲಕ್ಕೆ ಬರೋದು.
ಮತ್ತೆ ಕೆಸರು, ಮತ್ತೆ ಮೇಲಕ್ಕೆ. ಅಷ್ಟೇ ಕೆಲಸ.
ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ.
ಎಲ್ಲಿ, ಒಂದ್ಸಲ ಉಸಿರೆಳೀರಿ. ಇಂಥವು ಬಿಟ್ಟ ಗಾಳಿ ಅದು."
ಹನ್ನೆರಡು ಜನ ಸಾಲಾಗಿ ನಿಂತು ಉಸಿರೆಳೆದೆವು,
ಎಕ್ಸ್‌ರೇ ತೆಗೆಸಿಕೊಳ್ಳುವವರಂತೆ.

ಅಲ್ಲೇ ಆಡು ಮೇಯಿಸುತ್ತಿದ್ದ ಗಂಗಹನುಮಕ್ಕನಿಗೆ ನಗು.
"ಕೋಸುಕಲ್ಲಾ? ಅದುನ್ನ ನೋಡಾಕೆ ದುಡ್ ಕೊಟ್ಟು ಬಂದ್ರಾ?
ಹದಿನೇಳು ವರ್ಸ ತಲೆ ಮ್ಯಾಲೆ ಹೊತ್ತು ಗೂಡಿಗೆ ಹಾಕಿವ್ನಿ.
ಬೆಂದ್ ಮ್ಯಾಲೆ ನೀರು ಹುಯ್ದ್ರೆ ಹಾವಿನಂಗೆ ಬುಸ್ ಅನ್ನೋದು.
ಈ ಸುತ್ತಿನ ಯಾವ ಗ್ವಾಡೆ ಕೆರೆದ್ರೂ ಅದೇಯ."
ಹೇಳುತ್ತಲೇ ಸಂಚಿ ಬಿಚ್ಚಿ
ಎಲೆಯ ಬೆನ್ನಿಗೆ, ತೋರುಬೆರಳಲ್ಲಿ,
ತೆಳ್ಳಗೆ ಸುಣ್ಣ ಸವರಿದಳು.

ಮೇಷ್ಟ್ರು ಆ ಬೆರಳನ್ನೇ ನೋಡುತ್ತ ನಿಂತರು.
ಹೇಳಲಿದ್ದದ್ದು ಏನೋ ಇತ್ತು, ಹೇಳಲಿಲ್ಲ.
"ನಂಗೂ ಒಂದೆಲೆ ಕೊಡವ್ವ," ಅಂದರು.

ಅಷ್ಟರಲ್ಲಿ ಸುಮುಖ ಜೇಬಿನಿಂದ ಡೈನೋಸಾರು ತೆಗೆದು
ಒದ್ದೆ ಬಂಡೆಯ ಮುಂದೆ ನಿಲ್ಲಿಸಿದ್ದ.
"ಅಜ್ಜಿಗೆ ನಮಸ್ಕಾರ ಮಾಡು," ಅನ್ನುತ್ತಿದ್ದ ಅದಕ್ಕೆ,
ಕತ್ತು ಹಿಡಿದು ಬಗ್ಗಿಸುತ್ತ.

ಏನನ್ನೂ ಒಯ್ಯಬಾರದೆಂಬುದು ನಿಯಮ.
ಹೊರಡುವಾಗ ಜೇಬು ತಪಾಸಣೆ;
ಕ್ಯಾಷಿಯರ್ ಹತ್ತಿರ ಮೂರು ಸಿಕ್ಕವು.
ಮೇಷ್ಟ್ರು ಒಂದೊಂದನ್ನೂ ತಿರುಗಿಸಿ, ನೆಕ್ಕಿಯೂ ನೋಡಿ,
"ಕಲ್ಲು," ಅಂದರು. "ತಗೊಂಡ್ ಹೋಗಿ ಸಾರ್."

ಮನೆಗೆ ಬಂದಾಗ ಇನ್ನೂ ಬೆಳಕಿತ್ತು.
ನಾಳೆ ನೀರು ಬರುವ ದಿನ, ಹಿತ್ತಲ ತೊಟ್ಟಿ ತಿಕ್ಕಬೇಕು.
ಹೋದ ಯುಗಾದಿಗೆ ಬಳಿದ ಸುಣ್ಣದ ಮೇಲೆ
ಹಸಿರು ಲೋಳೆ, ಬೆರಳಿಟ್ಟರೆ ಜಾರುವಷ್ಟು ಎಳೆಯದು.
ಬ್ರಷ್ಷು ಹಿಡಿದು ನಿಂತೆ,
ಪಕ್ಕದ ಮನೆಯವಳು "ಯಾಕ್ರೀ, ಏನಾಯ್ತು?" ಅನ್ನುವವರೆಗೆ.
ಏನೂ ಇಲ್ಲ ಅಂದೆ.
ತಿಕ್ಕಿದೆ.
ಬ್ರಷ್ಷು ಹೋಗದ ಒಂದು ಮೂಲೆ ಇದೆ ತೊಟ್ಟಿಯಲ್ಲಿ.
ದಿನಾ ಬಯ್ಯುತ್ತಿದ್ದೆ ಅದನ್ನು.